ಗೌಜಗದ ತತ್ತಿಯೂ ಹುಬ್ಬಳ್ಳಿ ಬಸ್ಸೂ

ಊರು ಬಿಟ್ಟರೆ ನಗೆಪಾಟಲು ತಪ್ಪುತ್ತದೆ ಅಂತ ಮೊದಮೊದಲು ನಂಬಿದ್ದೆ. ಎಷ್ಟು ಊರು ಬಿಟ್ಟೆನೋ ನೆನಪಿಲ್ಲ. ನಾನು ಹೋಗಿ ಇಳಿಯುವ ಹೊತ್ತಿಗೆ ಅದು ಮುಂಚಿನ ಬಸ್ಸಿಗೇ ಬಂದು ಸ್ಟ್ಯಾಂಡಿನಲ್ಲಿ ನನಗಾಗಿ ಕಾಯುತ್ತ ಕೂತಿರುತ್ತಿತ್ತು.

ಆರನೇ ಇಯತ್ತೆಯಲ್ಲಿ ಸಾಲಿ ಬಿಟ್ಟು ಮೇಡ್ಲೇರಿಯಿಂದ ಹೊರಬಿದ್ದವನು ನಾನು. ಲಾರಿಯ ಕ್ಲೀನರ್ ಆದೆ, ಹುಬ್ಬಳ್ಳಿಯ ಖಾನಾವಳಿಯಲ್ಲಿ ತಾಟು ತೊಳೆದೆ, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತೆ, ಹಾವೇರಿಯಲ್ಲಿ ಕಬ್ಬಿನ ಹಾಲಿನ ಗಾಡಿ ತಿರುವಿದೆ. ಯಾವ ಕೆಲಸದಿಂದಲೂ ನನ್ನನ್ನು ಯಾರೂ ತೆಗೆದುಹಾಕಲಿಲ್ಲ. ಅವರಿಗೆ ಅಷ್ಟು ವ್ಯಾಳ್ಯಾ ನಾನು ಕೊಡಲಿಲ್ಲ.

ಆದರೆ ಇಲ್ಲಿ ಹೇಳುತ್ತಿರುವುದು ಎಲ್ಲ ಊರಿನ ಕಥೆಯಲ್ಲ. ಒಂದೇ ಮನೆ, ಒಂದೇ ಜಾತಿಯ ಹಕ್ಕಿ. ರಾಣೆಬೆನ್ನೂರಿನ ಬಾಡಿಗೆ ಮನೆಯಲ್ಲಿ ಕೂತು ಗೌಜಗದ ಮರಿ ಮಾಡಿಸಲು ಹೋಗಿ ಆದದ್ದಿಷ್ಟು. ಪ್ಯಾಟಿಯವರು ಅದನ್ನು ಕ್ವೇಲ್ ಅನ್ನುತ್ತಾರೆ. ಮರಿ ಹೆಬ್ಬೆರಳಿನ ತುದಿಯಷ್ಟು, ಬೆಳೆದರೆ ಹಕ್ಕಿ ಒಂದು ಮುಷ್ಟಿಯಷ್ಟು. ಓದಿ ನಗು ಬಂದರೆ ನಗಿರಿ. ನನಗೆ ಇನ್ನೂ ಬಂದಿಲ್ಲ.

೧. ಹದಿನೆಂಟು ದಿನದ ಕರಾರು

ನನ್ನ ಹೆಂಡತಿಗೆ ಒಂದು ಟ್ರಂಕು ಇದೆ. ಮದುವೆಯಲ್ಲಿ ತವರಿನವರು ಕೊಟ್ಟದ್ದು, ಹಸಿರು ಬಣ್ಣ, ಮುಚ್ಚಳದ ಮೇಲೆ ಗುಲಾಬಿ ಹೂವು. ಬೇರೆಯವರ ಮನೆಯಲ್ಲಿ ಟ್ರಂಕು ಮಂಚದ ಕೆಳಗಿರುತ್ತದೆ. ನಮ್ಮ ಮನೆಯಲ್ಲಿ ಅದು ಸೀರೆ ತುಂಬಿಸಿಕೊಂಡು, ಕೀಲಿ ಹಾಕಿಸಿಕೊಂಡು, ಹೊಸ್ತಿಲ ಬದಿಯಲ್ಲಿ ಪ್ರಯಾಣಕ್ಕೆ ಹೊರಟವರ ಹಾಗೆ ಕೂತಿತ್ತು. ಕಳೆದ ಸಲ ನಾನು ಹೇಳದೆ ಕೇಳದೆ ನಾಲ್ಕು ತಿಂಗಳು ಹೋಗಿ ಬಂದ ಮೇಲೆ ಅದು ಅಲ್ಲಿಗೆ ಬಂದದ್ದು.

ಕಾಗಿನೆಲೆಯಲ್ಲಿ ಅವಳ ತಮ್ಮನಿದ್ದಾನೆ. ಅವನಿಗೊಂದು ಟೆಂಪೋ ಇದೆ. "ಇನ್ನೊಮ್ಮೆ ನೀವು ಹೋದ್ರ," ಅಂದಿದ್ದಳು, "ಹೊಳ್ಳಿ ಬರೂದ್ರಾಗ ಈ ಟ್ರಂಕ್ ಕಾಗಿನೆಲ್ಯಾಗ ಇರತೈತಿ. ಅದರ ಸಂಗಾಟ ನಾನೂ." ಸಿಟ್ಟಿನಿಂದ ಹೇಳಲಿಲ್ಲ. ನಾಳೆ ಸಂತೆ ಐತಿ ಅಂದಷ್ಟು ಸಾದಾ ಹೇಳಿದಳು. ನಾನು ಹೆದರಿದ್ದು ಅದಕ್ಕೇ.

ಅವಳದು ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸ. ಮುಂಜಾನೆ ಹೆಂಗಸರ ಗಾಡಿ ಹತ್ತಿ ಮೇಡ್ಲೇರಿ ಕಡೆ ಹೋಗಿ, ಚಿಮಟ ಹಿಡಿದು ಒಂದೊಂದೇ ಮೊಗ್ಗು ಬಿಡಿಸಿ, ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ತಾಗಿಸಿ, ಗುರುತಿಗೆ ಕೆಂಪು ದಾರ ಕಟ್ಟಿ ಸಂಜೆಗೆ ಬರುತ್ತಾಳೆ. ಮದುವೆಗೆ ಮೊದಲಿಂದ ಅದೇ ಕೆಲಸ. ಒಂದೇ ಕೆಲಸಕ್ಕೆ ಅಷ್ಟು ವರ್ಷ ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹಾವೇರಿ ಹತ್ತಿರ ಒಬ್ಬರ ತಗಡಿನ ಶೆಡ್ಡಿನಲ್ಲಿ ಗೌಜಗ ನೋಡಿದವನೇ ನಿಂತ ಕಾಲಮೇಲೆ ನೂರು ತತ್ತಿ ಕಟ್ಟಿಸಿಕೊಂಡು ಬಂದೆ. ಔಷಧಿ ಅಂಗಡಿಯ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಎರಡು ಬಲ್ಬು, ಒಂದು ಸಣ್ಣ ಫ್ಯಾನು, ಒಂದು ಬಟ್ಟಲು ನೀರು, ಕಾವು ಹೆಚ್ಚಾದರೆ ಬಲ್ಬು ತಾನೇ ಆರಿಸುವ ಒಂದು ಡಬ್ಬಿ. ಹೆಂಡತಿ ಸಂಜೆ ಬಂದು ಬಗ್ಗಿ ನೋಡಿದಳು.

"ಕಾವಿಗೆ ಕುಂದ್ರೂ ಹಕ್ಕಿ ಎಲ್ಲಿ?"

"ಈ ಹಕ್ಕಿ ತಾ ಕಾವಿಗೆ ಕುಂದ್ರಂಗಿಲ್ಲ. ತತ್ತಿ ಇಟ್ಟು ಎದ್ದು ಹೋಗತೈತಿ. ಕಾವು ನಾವ ಕೊಡಬೇಕು."

ಅವಳು ನನ್ನ ಮುಖವನ್ನೇ ನೋಡಿದಳು. "ಛಲೋ ಹಕ್ಕಿ ಹುಡುಕೀರಿ. ನಿಮ್ಮ ಕುಲದ್ದ."

"ದಿನಕ್ಕ ಐದು ಸಲ ಒಂದೊಂದೂ ತತ್ತಿ ಮಗ್ಗಲು ಹೊಳ್ಳಿ ಹಾಕ್ಬೇಕು. ಕಡೀ ಮೂರು ದಿನ ಮುಟ್ಟಬಾರ್ದು. ಹದಿನೆಂಟು ದಿನಕ್ಕ ಮರಿ."

"ಹೊಳ್ಳಿ ಹಾಕೂದು ಯಾರು?"

"ನಾನ."

ಅವಳು ಟ್ರಂಕಿನ ಮೇಲೆ ಕೂತು ನಕ್ಕಳು. ನಾನು ಹೊಳ್ಳಿ ಬಂದಾಗಿನಿಂದ ಆ ಮನೆಯಲ್ಲಿ ನಗು ಕೇಳಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಕರಾರು ಹಾಕಿದಳು: "ಹದಿನೆಂಟು ದಿನ ನೀವು ಈ ಪೆಟ್ಟಿಗಿ ಬಿಟ್ಟು ಓಡಿಹೋಗಲಿಲ್ಲಂದ್ರ ನಾ ಟ್ರಂಕ್ ಬಿಚ್ಚತೇನಿ. ಹೋದ್ರ, ತಮ್ಮಗ ಫೋನ್ ಮಾಡತೇನಿ. ಆತಿಲ್ಲೋ?"

"ಆತು."

ಪೆಟ್ಟಿಗೆಯ ಮುಚ್ಚಳ ಹಾಕುವ ಮುಂದೆ ಇನ್ನೊಮ್ಮೆ ಒಳಗೆ ಇಣುಕಿ, ತತ್ತಿಗಳನ್ನೇ ನೋಡುತ್ತ ಹೇಳಿದಳು: "ಪಾಪ. ಇವಕ್ಕ ಇನ್ನಾ ನಿಮ್ಮ ಗುಣ ಗೊತ್ತಿಲ್ಲ."

೨. ನೂರಕ್ಕೆ ನೂರು

ಗಂಡಸು ಮನೆಯಲ್ಲಿ ಕೂತರೆ ಓಣಿಗೆ ಕೆಲಸ ಸಿಗುತ್ತದೆ. ಮೂರನೇ ದಿನಕ್ಕೇ ನಳದ ಹತ್ತಿರ ಹೆಂಗಸರು, "ಏನಣ್ಣಾರ, ಕಾವಿಗೆ ಕುಂತೀರಂತ? ಮೈ-ಕೈ ಹುಷಾರು. ಖಾರ, ಹುಳಿ ತಿನ್ನಬ್ಯಾಡ್ರಿ" ಅಂದರು. ಒಬ್ಬಾಕೆ ಬಾಣಂತಿಗೆ ಕೊಡುವ ಅಂಟಿನ ಉಂಡಿಯನ್ನೇ ಕಳಿಸಿದಳು. ಉಂಡಿ ಚೆನ್ನಾಗಿತ್ತು, ತಿಂದೆ. ಅದೂ ಒಂದು ಸುದ್ದಿಯಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಸಾಕಿತ್ತು. ನಮ್ಮ ಪಕ್ಕದ ಮನೆಯ ಕಾಕಾ ಬೀಜದ ಗೋದಾಮೊಂದರಲ್ಲಿ ಮೊಳಕೆ ಪರೀಕ್ಷೆ ಮಾಡುವವರು. ಗೋದಾಮಿಗೆ ಬೀಜ ಬಂದರೆ ಒಂದು ಹಿಡಿ ತೆಗೆದು, ಒದ್ದೆ ಕಾಗದದಲ್ಲಿ ಸುತ್ತಿಟ್ಟು, ನೂರಕ್ಕೆ ಎಷ್ಟು ಮೊಳೆತವು ಅಂತ ನೋಡಿ ಚೀಟಿ ಬರೆಯುವುದು ಅವರ ಕೆಲಸ. ನಾಲ್ಕನೇ ದಿನ ಬಂದು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಲಾಟ್ ನಂಬರ್ ಎಲ್ಲಿ?"

"ಮನಿಯಾಗಿಂದು ಕಾಕಾ, ಒಂದ ಪೆಟ್ಟಿಗಿ."

"ಮನಿಯಾಗಿಂದ ಆದ್ರೇನು? ಪದ್ಧತಿ ಪದ್ಧತೀನ. ಜೀವ ಹಿಡದಾವೋ ಇಲ್ಲೋ ಹೆಂಗ ಗೊತ್ತು?"

"ಕತ್ತಲಾಗ ಟಾರ್ಚ್ ಹಿಡದ್ರ ಕೆಂಪು ನರ ಕಾಣತೈತಂತ."

ಕಾಕಾ ನಕ್ಕರು, ಕಲಿತವರು ನಮ್ಮಂಥವರನ್ನು ನೋಡಿ ನಗುವ ಹಾಗೆ. "ಟಾರ್ಚ್ ಹಿಡದು ಚೀಟಿ ಬರ್ಯಾಕ ಬರತೈತೇನೋ ಹುಚ್ಚಪ್ಪಾ? ಸ್ಯಾಂಪಲ್ ತಗೀಬೇಕು. ಹತ್ತು ಸಾಕು. ಒಂದು ತಾಟು ತಾ."

ಓದಿದವರು ಇಂಗ್ಲಿಷ್ ಶಬ್ದ ಅಂದ ಕೂಡಲೇ ಹೂಂ ಅನ್ನುವ ಚಟ ನನಗೆ ಸಾಲಿ ಬಿಟ್ಟ ದಿನದಿಂದ ಇದೆ. ತಾಟು ತಂದೆ. ಕಾಕಾ ಪೆಟ್ಟಿಗೆಯ ನಾಲ್ಕು ಮೂಲೆ ಮತ್ತು ನಡುವಿನಿಂದ, ಎರಡೆರಡರಂತೆ, ಪದ್ಧತಿ ಪ್ರಕಾರ ಹತ್ತು ತತ್ತಿ ತೆಗೆದು ಒಂದೊಂದಾಗಿ ಒಡೆದರು. ತಾಟಿನಲ್ಲಿ ಹತ್ತು ಸಣ್ಣ ಕೆಂಪು ಚುಕ್ಕೆ. ಒಂದೊಂದು ಚುಕ್ಕೆಯೂ ಟಕ್ ಟಕ್ ಅಂತ ಬಡಿದುಕೊಳ್ಳುತ್ತಿತ್ತು. ನೋಡುತ್ತಿದ್ದ ಹಾಗೆ ಒಂದೊಂದೇ ನಿಂತವು.

"ಹತ್ತಕ್ಕ ಹತ್ತು!" ಕಾಕಾ ತೊಡೆ ತಟ್ಟಿದರು. "ಇಷ್ಟು ವರ್ಷದಾಗ ನಾ ನೂರಕ್ಕ ನೂರು ನೋಡಿಲ್ಲ. ನಿನ್ನ ಮಾಲು ಭಾರೀ ಐತಿ!" ಜೇಬಿನಿಂದ ಪೆನ್ನು ತೆಗೆದು ಚೀಟಿ ಬರೆದು ಪೆಟ್ಟಿಗೆಗೆ ಅಂಟಿಸಿದರು: ಲಾಟ್ ಒಂದು, ಮೊಳಕೆ ನೂರಕ್ಕೆ ನೂರು. ಕೆಳಗೆ ಸಹಿ.

ಸಂಜೆ ಹೆಂಡತಿ ಬಂದವಳೇ ಎಣಿಸಿದಳು. ಅವಳ ಕಣ್ಣಿಗೆ ಒಂದು ಮೊಗ್ಗು ತಪ್ಪುವುದಿಲ್ಲ. "ಹತ್ತು ಕಡಿಮಿ ಅದಾವಲ್ರಿ?"

"ಪರೀಕ್ಷಾಕ್ಕ ಕುಂತಿದ್ದವು," ಅಂದೆ. "ಹತ್ತೂ ಪಾಸಾದವು."

ಅವಳು ಚೀಟಿ ಓದಿದಳು, ತಾಟು ನೋಡಿದಳು. ಉಳಿದ ತೊಂಬತ್ತರ ಮೇಲೆ ಮುಚ್ಚಳ ಹಾಕುತ್ತ ಅಂದಳು: "ಇವು ನಿಮ್ಮಂಗ ಸಾಲಿ ಬಿಟ್ಟು ಉಳಕೊಂಡಾವ."

೩. ಅರ್ಧಕ್ಕೆ ಬಂದವ

ಹನ್ನೊಂದನೇ ದಿನ ಬೆಳಿಗ್ಗೆ ಕಾವಿನ ಡಬ್ಬಿ ಕೆಟ್ಟಿತು. ಬಲ್ಬು ಆರುತ್ತಲೇ ಇಲ್ಲ. ಮುಚ್ಚಳಕ್ಕೆ ಕಡ್ಡಿ ಸಿಕ್ಕಿಸಿ ಗಾಳಿ ಬಿಟ್ಟು, ಡಬ್ಬಿ ಬಿಚ್ಚಿಕೊಂಡು, ಹಾವೇರಿಯಲ್ಲಿ ಅದನ್ನು ಮಾಡಿಕೊಟ್ಟ ರಿಪೇರಿಯವನ ಹತ್ತಿರ ಓಡಿದೆ. ಬರುವುದು ತಡವಾದರೆ ಇರಲಿ ಅಂತ ಕೈಚೀಲದಲ್ಲಿ ಒಂದು ಅಂಗಿ, ಒಂದು ಟವೆಲ್ ಇಟ್ಟುಕೊಂಡೆ. ಆ ಕೈಚೀಲವೇ ತಪ್ಪು.

ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ನಮ್ಮ ಓಣಿಯವನೇ. ನನ್ನ ಕೈಯಲ್ಲಿ ಚೀಲ ಕಂಡರೆ ಅವನ ಕೈ ಫೋನಿಗೆ ಹೋಗುತ್ತದೆ. "ತಂಗೀ, ನಿನ್ನ ಯಜಮಾನ ಹೊಂಟ ನೋಡವಾ. ಚೀಲ ಐತಿ." ಅಷ್ಟೇ ಹೇಳಿದನಂತೆ. ನನಗೆ ಫೋನ್ ಮಾಡಿ ಒಂದು ಮಾತು ಕೇಳಬೇಕು ಅಂತ ಯಾರಿಗೂ ಅನಿಸಲಿಲ್ಲ. ಅವರ ತಪ್ಪಲ್ಲ, ಹೋಗುವಾಗ ಫೋನ್ ಬಂದ್ ಮಾಡುವುದು ನನ್ನ ಹಳೆಯ ಪದ್ಧತಿ. ಅವತ್ತು ಖರೇ ಹೇಳಬೇಕೆಂದರೆ ಚಾರ್ಜ್ ಇರಲಿಲ್ಲ. ಹೇಳಿದರೆ ಯಾರು ನಂಬುತ್ತಾರೆ?

ಡಬ್ಬಿ ರಿಪೇರಿ ಮಾಡಿಸಿಕೊಂಡು ಮಧ್ಯಾಹ್ನ ಬಂದರೆ ಮನೆ ಮುಂದೆ ಟೆಂಪೋ. ಹಸಿರು ಟ್ರಂಕು ಮೇಲೇರಿ ಹಗ್ಗ ಬಿಗಿಸಿಕೊಂಡಿದೆ. ಹೆಂಡತಿಯ ತಮ್ಮ ಗಾಲಿಗೆ ಒದ್ದು ಗಾಳಿ ನೋಡುತ್ತಿದ್ದಾನೆ. ಓಣಿಯ ಅರ್ಧ ಜನ ಕಟ್ಟೆ ಮೇಲೆ. ನನ್ನನ್ನು ಕಂಡು ಅವರೆಲ್ಲರ ಮುಖ, ನಾಟಕದಲ್ಲಿ ಸತ್ತ ಪಾತ್ರಧಾರಿ ಎದ್ದು ಬಂದಾಗ ಆಗುವ ಹಾಗೆ, ಸಪ್ಪಗಾಯಿತು.

ಒಳಗೆ ಹೋದರೆ ಹೆಂಡತಿ ಪೆಟ್ಟಿಗೆಯ ಮುಂದೆ ಕೂತು ತತ್ತಿ ಹೊರಳಿಸುತ್ತಿದ್ದಾಳೆ. ಪ್ಲಾಟಿನಿಂದ ಅರ್ಧ ದಿನದ ಪಗಾರ ಬಿಟ್ಟು ಬಂದಿದ್ದಳು. ನನ್ನ ಕಡೆ ತಿರುಗಲಿಲ್ಲ. "ಇಟ್ಟವರು ಓಡಿ ಹೋದ್ರೂ ಇವಕ್ಕ ವ್ಯಾಳ್ಯಾ ಆಗತೈತಿ," ಅಂದಳು. ನಾನು ಕೈಚೀಲ ತೆರೆದು ಡಬ್ಬಿ ತೋರಿಸಿದೆ. ಅವಳು ಡಬ್ಬಿ ನೋಡಿದಳು, ಅದರಡಿಯಲ್ಲಿದ್ದ ಅಂಗಿಯನ್ನೂ ನೋಡಿದಳು. ಹೊರಗೆ ತಮ್ಮನಿಗೆ ಕೂಗಿ ಹೇಳಿದಳು: "ಟ್ರಂಕ್ ಇಳಸೋ."

ತಮ್ಮ ಬೆವರೊರೆಸಿಕೊಳ್ಳುತ್ತ ಒಳಗೆ ಬಂದ. ನನಗಿಂತ ಸಣ್ಣವನು, ಮರ್ಯಾದೆ ಬಿಡುವವನಲ್ಲ. ಕೈ ಜೋಡಿಸಿಯೇ ಹೇಳಿದ: "ಮಾವ, ಹೋಗೋದಿದ್ರ ಖರೇನ ಹೋಗ್ರಿ. ಹಿಂಗ ಅರ್ಧಕ್ಕ ಹೊಳ್ಳಿ ಬಂದ್ರ ಮಂದಿ ಕೆಲಸ ಕೆಡತೈತಿ."

೪. ಈಜು

ಹದಿನೇಳನೇ ದಿನ ಸಂಜೆಗೆ ತತ್ತಿಯೊಳಗಿಂದ ಚಿಂವ್ ಅಂದಿತು. ಮರುದಿನ ಅರವತ್ತೊಂದು ಮರಿ. ಕಂದು ಮೈ, ಬೆನ್ನ ಮೇಲೆ ಹಳದಿ ಗೆರೆ, ದೊಡ್ಡ ದುಂಬಿಯಷ್ಟೇ. ನನ್ನ ಕೈಯಿಂದ ಒಂದು ಕೆಲಸ ಕೊನೆ ಮುಟ್ಟಿದ್ದು ಅದೇ ಮೊದಲು. ಹುರುಪಿನಲ್ಲಿ ಒಂದು ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ನೀರು ತುಂಬಿ ಒಳಗಿಟ್ಟು, ಓಣಿಗೆಲ್ಲ ಸುದ್ದಿ ಹೇಳಲು ಹೋದೆ. ಬರುವಷ್ಟರಲ್ಲಿ ಏಳು ಮರಿ ಆ ಮುಚ್ಚಳದಲ್ಲಿ ಮುಳುಗಿ ಸತ್ತಿದ್ದವು. ಬೆರಳ ಒಂದು ಗೆಣ್ಣಿನಷ್ಟೂ ಆಳವಿರದ ನೀರು. ಬಟ್ಟಲಿಗೆ ಹರಳು ಹಾಕಿ ನೀರಿಡಬೇಕು, ಆಗ ಮರಿ ಹರಳಿನ ಮೇಲೆ ನಿಂತು ಸಂದಿಯಲ್ಲಿ ಕುಡಿಯುತ್ತದೆ ಅಂತ ಆಮೇಲೆ ತಿಳಿಯಿತು. ನನಗೆ ಎಲ್ಲ ಆಮೇಲೆಯೇ ತಿಳಿಯುವುದು.

ನೋಡಲು ಬಂದ ಕಾಕಾ ತಲೆ ಅಲ್ಲಾಡಿಸಿ, "ಮೇಡ್ಲೇರ್ಯಾವ ಅಂತಿ. ತುಂಗಭದ್ರಾ ದಂಡಿ ಮ್ಯಾಲ ಹುಟ್ಟಿ ಮಕ್ಕಳಿಗೆ ಈಜು ಕಲಸಲಿಲ್ಲೇನೋ?" ಅಂದರು. ಎಲ್ಲರೂ ನಕ್ಕರು. ನಾನು ಏಳನ್ನು ಕಾಗದದಲ್ಲಿ ಸುತ್ತಿ ಹಿತ್ತಲಿಗೆ ಹೋದೆ.

ಬಂದು ನೋಡಿದರೆ ಹೆಂಡತಿ ಟ್ರಂಕಿನ ಕೀಲಿ ತೆಗೆಯುತ್ತಿದ್ದಾಳೆ! ಎದೆ ತಂಪಾಯಿತು. ಹದಿನೆಂಟು ದಿನ ನಿಂತೆನಲ್ಲ! ಅವಳು ಒಂದು ಹಳೆಯ ನೂಲಿನ ಸೀರೆ ತೆಗೆದು, ಮರಿಗಳಿಗೆ ಗಾಳಿ ತಾಗದ ಹಾಗೆ ಪೆಟ್ಟಿಗೆಯ ಸುತ್ತ ಕಟ್ಟಿ, ಟ್ರಂಕಿಗೆ ಮತ್ತೆ ಕೀಲಿ ಹಾಕಿದಳು.

"ಕರಾರು..." ಅಂದೆ.

"ತತ್ತಿದು ಮುಗೀತು," ಅಂದಳು. "ಮರಿದು ಇನ್ನ ಐತಿ. ಅವಕ್ಕ ಕಾಲ ಬಂದಾವ ಈಗ. ಮೊದಲ ಯಾರು ಓಡತೀರಿ ನೋಡೂಣು."

೫. ಕೆಂಪು ದಾರ

ಕಾಲು ಬಂದವು ಅಂದಳಲ್ಲ, ಎಲ್ಲಕ್ಕೂ ಬರಲಿಲ್ಲ. ಮರಿಗಳ ಕೆಳಗೆ ನಾನು ಪೇಪರ್ ಹಾಸಿದ್ದೆ. ನುಣುಪು ಕಾಗದದ ಮೇಲೆ ಕಾಲು ಜಾರಿ ಜಾರಿ ಒಂಬತ್ತು ಮರಿಗಳ ಕಾಲು ಎರಡೂ ಬದಿಗೆ ಅಗಲಿದವು. ಕಪ್ಪೆಯ ಹಾಗೆ ಹೊಟ್ಟೆ ಮೇಲೆ ಬಿದ್ದುಕೊಂಡವು. ತತ್ತಿ ಕೊಟ್ಟವನಿಗೆ ಫೋನ್ ಮಾಡಿದರೆ, "ಎರಡೂ ಕಾಲು ಕೂಡಿಸಿ, ನಡುವ ಸ್ವಲ್ಪ ಸಡ್ಲ ಬಿಟ್ಟು ದಾರ ಕಟ್ರಿ. ನಾಕು ದಿನಕ್ಕ ನೆಟ್ಟಗಾಗತಾವ" ಅಂದ.

ಕಸಬರಿಗೆ ಕಡ್ಡಿಯಂಥ ಕಾಲು. ನನ್ನ ಬೆರಳಿಗೆ ಸಿಗಲಿಲ್ಲ. ಹೆಂಡತಿ ಪ್ಲಾಟಿನ ಚಿಮಟ ತೆಗೆದಳು, ಪ್ಲಾಟಿನ ಕೆಂಪು ದಾರ ತೆಗೆದಳು, ಹೂವಿಗೆ ಕಟ್ಟುವ ಅದೇ ಗಂಟು ಹಾಕಿದಳು. ಚಹಾ ಆರುವುದರೊಳಗೆ ಒಂಬತ್ತೂ ಮುಗಿದವು.

ಮಾರನೆಯ ದಿನ ಮೇಡ್ಲೇರಿ ಕಡೆಯ ರೈತರೊಬ್ಬರು ಮರಿ ಕೊಳ್ಳಲು ಬಂದರು. ಹದಿನೈದು ವರ್ಷದಿಂದ ಬೀಜದ ಪ್ಲಾಟು ಮಾಡುವವರು. ಪ್ಲಾಟಿನಲ್ಲಿ ಕೆಂಪು ದಾರ ಇದ್ದ ಕಾಯಿ ಅಂದರೆ ಕ್ರಾಸ್ ಆದದ್ದು, ಅದಕ್ಕೆ ಬೆಲೆ. ದಾರ ಇಲ್ಲದ್ದನ್ನು ಕಿತ್ತು ಬದುವಿಗೆ ಎಸೆಯುತ್ತಾರೆ. ಅವರು ಪೆಟ್ಟಿಗೆಯೊಳಗೆ ಬಗ್ಗಿದರು, ಕಣ್ಣು ಕೆಂಪು ದಾರದ ಮೇಲೆ ನಿಂತಿತು.

"ದಾರ ಇದ್ದವು ಕೊಡು."

"ಯಜಮಾನ್ರ, ಅವು ಕುಂಟ ಮರಿ. ಕಾಲು ಜಾರ್ಯಾವ. ಬಾಕಿದ್ದು ತಗೋರಿ, ಗಟ್ಟಿ ಅದಾವ."

ಅವರು ನನ್ನ ಭುಜದ ಮೇಲೆ ಕೈ ಇಟ್ಟರು. "ತಮ್ಮಾ, ಬೀಜದೂರಾಗ ಕೂದಲ ಬೆಳ್ಳಗ ಮಾಡ್ಕೊಂಡೇನಿ. ಕ್ರಾಸ್ ಮಾಲು ತಮಗಿಟ್ಕೊಂಡು ಸಾದಾ ಮಾಲು ರೈತಗ ತೋರಸೂದು ನನಗ ಹೊಸದಲ್ಲ."

"ಖರೇ ಕುಂಟ ಅದಾವ್ರಿ! ನೋಡ್ರಿ, ನಿಂದ್ರಾಕ ಬರವೊಲ್ಲದು."

"ತಳಿ ಭಾರ ಇರತೈತಿ, ನಿಂದ್ರಾಕ ತಡ ಆಗತೈತಿ," ಅಂದರು, ನನಗೇ ತಿಳಿಸಿ ಹೇಳುವ ಹಾಗೆ.

ಒಂಬತ್ತೂ ಕುಂಟ ಮರಿಗಳನ್ನು ಹಟ ಹಿಡಿದು ಒಯ್ದರು. ಅವರ ಬೆನ್ನಿಗೆ ಮತ್ತೆ ಮೂವರು ಬಂದರು. "ದಾರದ್ದು ಮುಗದಾವೇನು? ಛೇ." ಗಟ್ಟಿ ಮರಿಗಳನ್ನು ಕಣ್ಣೆತ್ತಿ ನೋಡದೆ ಹೋದರು. ಎಲ್ಲಕ್ಕೂ ದಾರ ಕಟ್ಟೋಣ ಅಂದೆ. ಹೆಂಡತಿ ಚಿಮಟವನ್ನು ನನ್ನ ಕಣ್ಣಿನ ಸಮೀಪ ತಂದು, "ಕಟ್ಟಾಕ ನಿಮ್ಮ ಕಾಲೂ ಅದಾವ" ಅಂದಳು.

ಒಂದು ತಿಂಗಳ ಮೇಲೆ ಅದೇ ರೈತರು ಪ್ಯಾಟಿಯಲ್ಲಿ ಸಿಕ್ಕರು. ದಾರ ಬಿಚ್ಚಿದ ಮೇಲೆ ಮರಿಗಳ ಕಾಲು ನೆಟ್ಟಗಾಗಿದ್ದವು, ಎಲ್ಲವೂ ಬೆಳೆದಿದ್ದವು. ನಾಲ್ಕು ಜನರ ಮುಂದೆ ಕೂಗಿ ಹೇಳಿದರು: "ಕ್ರಾಸ್ ಅಂದ್ರ ಕ್ರಾಸ್ ನೋಡ್ರಿ! ಬಾಣ ಓಡಿದಂಗ ಓಡತಾವ. ಈ ಮಗ ಕುಂಟ ಅಂತ ಸುಳ್ಳು ಹೇಳಿ ಮುಚ್ಚಿಟ್ಕೊಳ್ಳಾಕ ಹತ್ತಿದ್ದ!"

ಜೀವಮಾನದಲ್ಲಿ ಸುಳ್ಳು ಬೇಕಾದಷ್ಟು ಹೇಳಿದ್ದೇನೆ, ಯಾರೂ ಹಿಡಿದಿರಲಿಲ್ಲ. ಖರೇ ಹೇಳಿದ ದಿನ ಸಿಕ್ಕಿಬಿದ್ದೆ.

೬. ಖಾರ

ಪೇಪರ್ ಜಾರುತ್ತದೆ ಅಂತ ತಿಳಿದ ಮೇಲೆ ಕೆಳಗೆ ಹಾಸಲು ಒರಟು ಗೋಣಿತಟ್ಟು ಬೇಕಾಯಿತು. ಬ್ಯಾಡಗಿಯಲ್ಲಿ ಚೀಲ ಹೊರುವಾಗಿನ ಗುರುತಿನವರ ಹತ್ತಿರ ಹೋಗಿ ಮೆಣಸಿನಕಾಯಿಯ ಹಳೆಯ ಖಾಲಿ ಚೀಲಗಳನ್ನು ತಂದೆ. (ಈ ಸಲ ಕೈಚೀಲ ಒಯ್ಯಲಿಲ್ಲ. ಹೋಗುವ ಮುಂದೆ ಚಹಾದಂಗಡಿಯವನಿಗೆ ನಾನೇ ಹೇಳಿ ಹೋದೆ. ಅವನು ಆದರೂ ಫೋನ್ ಮಾಡಿದ.) ಎಷ್ಟು ಝಾಡಿಸಿದರೂ ಚೀಲದ ಘಾಟು ಹೋಗಲಿಲ್ಲ. ವಿಚಿತ್ರವೆಂದರೆ ಮರಿಗಳಿಗೆ ಏನೂ ಆಗಲಿಲ್ಲ. ಹಕ್ಕಿಗೆ ಖಾರ ಹತ್ತುವುದಿಲ್ಲವಂತೆ. ಅವು ಅದರ ಮೇಲೆ ಕುಣಿದವು, ಬಿದ್ದ ಬೀಜ ಹುಡುಕಿ ತಿಂದವು. ಮನುಷ್ಯರು ಮಾತ್ರ ಆ ಕೋಣೆಗೆ ಹೋದರೆ ಸೀನಿ, ಮೂಗು ಸುರಿಸಿ, ಅತ್ತುಕೊಂಡು ಹೊರಗೆ ಬರುವಂತಾಯಿತು.

ಅಂಥ ಹೊತ್ತಿನಲ್ಲಿ ನಮ್ಮತ್ತೆ ಕಾಗಿನೆಲೆಯಿಂದ ಬಂದರು. ಟೆಂಪೋ ಒಮ್ಮೆ ಬರಿದೇ ಹೊಳ್ಳಿ ಹೋದ ಸುದ್ದಿ ಕೇಳಿ, ಮಗಳನ್ನು ತಾವೇ ಕರೆದೊಯ್ಯಬೇಕು ಅಂತ ಗಟ್ಟಿಮನಸ್ಸು ಮಾಡಿ ಬಂದಿದ್ದರು. ಮಗಳು ಮರಿಗಳಿಗೆ ನೀರಿಡುತ್ತಿದ್ದಳು. ಅತ್ತೆ ಅಲ್ಲಿಗೇ ಹೋದರು. ಸ್ವಲ್ಪ ಹೊತ್ತಿಗೆ ಸೆರಗು ಬಾಯಿಗೊತ್ತಿ, ಕಣ್ಣಲ್ಲಿ ಧಾರೆ ಸುರಿಸುತ್ತ ಅಂಗಳಕ್ಕೆ ಬಂದರು. ಹಿಂದಿನಿಂದ ಮಗಳೂ ಕಣ್ಣೊರೆಸಿಕೊಳ್ಳುತ್ತ ಬಂದಳು.

ಎದುರು ಮನೆಯ ಅಜ್ಜಿ ಇದನ್ನು ನೋಡಿದಳು. ತವರಿನವರು ಬಂದಿದ್ದಾರೆ, ತಾಯಿ-ಮಗಳು ಅಳುತ್ತಿದ್ದಾರೆ, ನಾನು ಕಣ್ಣಿಗೆ ಬಿದ್ದಿಲ್ಲ. ಅಜ್ಜಿಯ ಲೆಕ್ಕ ಒಂದೇ ಕಡೆಗೆ ಹೋಯಿತು. "ಅಯ್ಯೋ ನನ್ನ ಮಗಳ, ಎಲ್ಲಿ ಯಾವ ರಸ್ತಾದಾಗ ಹೋತವಾ ಅವನ ಜೀವ! ಸುತ್ತಾಡಿ ಸುತ್ತಾಡಿ ಕಡೀಕ ಹೋಗೇಬಿಟ್ಟನಲ್ಲವಾ!" ಅಂತ ಎದೆ ಬಡಿದುಕೊಳ್ಳುತ್ತ ಬಂದಳು. ಅವಳ ಹಿಂದೆ ನಾಲ್ಕು ಮಂದಿ. ಸಮಾಧಾನ ಹೇಳಲು ಒಳಗೆ ನುಗ್ಗಿದವರೆಲ್ಲ ಘಾಟಿಗೆ ಅತ್ತರು. ಅಷ್ಟು ಜನ ನನಗಾಗಿ ಅತ್ತದ್ದನ್ನು ನಾನು ಹಿತ್ತಲ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತು ನೋಡಿದೆ. ಕಂಡ ಕೂಡಲೇ ಅಜ್ಜಿ ಅಳು ನಿಲ್ಲಿಸಿ, "ಇಲ್ಲೇ ಅದಾನಲ್ಲಬೇ ಭಾಡ್ಯಾ!" ಅಂದಳು. ದನಿಯಲ್ಲಿ ಸಂತೋಷವಿರಲಿಲ್ಲ.

"ಅತ್ತೆವ್ವಾರ, ತಪ್ಪಾತ್ರಿ," ಅಂದೆ. "ಮೆಣಸಿನಕಾಯಿ ಚೀಲದ್ದು ಘಾಟು. ಅದಕ್ಕ ನಿಮಗ ಅಳು ಬಂತು."

ಅತ್ತೆ ಮೂಗು ಒರೆಸಿಕೊಂಡು ನಿಧಾನ ಹೇಳಿದರು: "ಈ ಮನಿಗೆ ಬಂದಾಗೆಲ್ಲ ಅತ್ಕೊಂಡ ಹೋಗೇನಪ್ಪಾ. ಇವತ್ತ ಖಾರದ ನೆವ ಆದ್ರೂ ಸಿಕ್ತು."

೭. ಹನ್ನೆರಡು ಗಂಟೆಯ ತತ್ತಿ

ಅತ್ತೆ ಅವತ್ತು ಮಗಳನ್ನು ಒಯ್ಯಲಿಲ್ಲ. ಮರಿ ಬಿಟ್ಟು ಬರುವುದಿಲ್ಲ ಅಂತ ಮಗಳೇ ಹೇಳಿದಳು. ಗಂಡನನ್ನು ಬಿಟ್ಟು ಬರುವುದಿಲ್ಲ ಅಂತ ಹೇಳಲಿಲ್ಲ, ಗಮನಿಸಿದೆ.

ಎರಡು ತಿಂಗಳಿಗೆ ಹೆಣ್ಣು ಹಕ್ಕಿಗಳು ತತ್ತಿ ಇಡತೊಡಗಿದವು, ಗಂಡು ಹಕ್ಕಿಗಳು ಬೆಳಗಿನ ಜಾವಕ್ಕೇ ಕೂಗತೊಡಗಿದವು. ಮಹಡಿಯ ಮೇಲಿದ್ದ ಮನೆ ಮಾಲಕರು ಪೂಜೆಯ ನಡುವೆ ಎದ್ದು ಬಂದರು. "ಮನಿ ಹಿಡಿಯೂ ಮುಂದ ಇಬ್ಬರ ಅದೀವಿ ಅಂದಿದ್ರಿ," ಅಂದರು. "ಅದರಾಗೂ ಒಬ್ಬರು ಇರೂದು ಖಾತ್ರಿ ಇಲ್ಲಂತ ಕೊಟ್ಟಿದ್ದೆ." ತಿಂಗಳೊಳಗೆ ಮನೆ ಬಿಡಬೇಕಾಯಿತು.

ಕಾಗಿನೆಲೆಯಲ್ಲಿ ತಮ್ಮನ ಮನೆ ಹಿಂದೆ ಒಂದು ತಗಡಿನ ಶೆಡ್ಡು ಖಾಲಿ ಇತ್ತು. ಹೆಂಡತಿ ಎಲ್ಲ ಗೊತ್ತು ಮಾಡಿದ ಮೇಲೆ ನನಗೆ ತಿಳಿಯಿತು. ಟೆಂಪೋ ಬಂತು. ಪಂಜರ ಏರಿದವು, ಮೇವಿನ ಚೀಲ ಏರಿತು, ಪಾತ್ರೆ ಪಗಡ ಏರಿದವು. ಕಡೆಗೆ ಹಸಿರು ಟ್ರಂಕು, ಹಾಕಿದ ಕೀಲಿ ಹಾಕಿದಂತೆಯೇ, ಏರಿತು.

"ನಾ ಓಡಿ ಹೋಗಲಿಲ್ಲಲ್ಲ," ಅಂದೆ. "ಆದ್ರೂ ಹೊಂಟೀ?"

"ಹಕ್ಕಿಗೆ ಜಾಗ ಬೇಕಲ್ರಿ. ನಿಮಗೇನು, ಊರು ಭಾಳ ಅದಾವ."

ಬಾ ಅನ್ನಲಿಲ್ಲ, ಬರಬೇಡ ಅನ್ನಲೂ ಇಲ್ಲ. ಟೆಂಪೋದ ಮುಂದೆ ತಮ್ಮ, ಅವನ ಪಕ್ಕ ಅವಳು, ಅವಳ ತೊಡೆ ಮೇಲೆ ತತ್ತಿ ಇಡುವ ನಾಲ್ಕು ಹೆಣ್ಣು ಹಕ್ಕಿಯ ಬುಟ್ಟಿ. ಹಿಂದೆ ಕಾಲಿಡಲು ಜಾಗವಿಲ್ಲ. ನಾನು ಸುತ್ತ ತಿರುಗಿ ನೋಡುವುದನ್ನು ಕಂಡು ತಮ್ಮ ಮರ್ಯಾದೆಯಿಂದಲೇ ಅಂದ: "ಮಾವ, ನೀವು ಬಸ್ಸಿಗೆ ಬರ್ರಿ. ನಿಮಗ ರೂಢಿ ಐತಿ."

ಹೊರಡುವ ಮುಂದೆ ಅವಳು ಕಿಟಕಿಯಿಂದ ರೊಟ್ಟಿಯ ಹಾಟ್‌ಬಾಕ್ಸ್ ಕೊಟ್ಟಳು. ಊಟ ಕಟ್ಟಿದ್ದಾಳೆ ಅಂದುಕೊಂಡೆ. ತೆರೆದರೆ ಬೆಚ್ಚನೆ ಅರಿವೆಯ ನಡುವೆ ನಲವತ್ತು ತತ್ತಿ. ನಮ್ಮದೇ ಹಕ್ಕಿಗಳು ಇಟ್ಟ ತತ್ತಿ, ಪೆಟ್ಟಿಗೆಯಲ್ಲಿ ಒಂಬತ್ತು ದಿನ ಕಳೆದವು. "ಟೆಂಪೋದಾಗ ಕುಲುಕಿ ಕೆಡತಾವ. ತೊಡಿ ಮ್ಯಾಲ ಇಟ್ಕೊಂಡು ಬರ್ರಿ. ಹನ್ನೆರಡಕ್ಕ ಒಮ್ಮೆ ಹೊಳ್ಳಿ ಹಾಕ್ರಿ." ಟೆಂಪೋ ಹೋಯಿತು.

ಬಸ್‌ಸ್ಟ್ಯಾಂಡಿಗೆ ಬಂದೆ. ಬ್ಯಾಡಗಿ ಬಸ್ಸು ಇನ್ನೂ ಬಂದಿರಲಿಲ್ಲ; ಅಲ್ಲಿ ಇಳಿದು ಕಾಗಿನೆಲೆ ಬಸ್ಸು ಹಿಡಿಯಬೇಕು. ಎದುರಿಗೆ ಹುಬ್ಬಳ್ಳಿ ಬಸ್ಸು ನಿಂತಿತ್ತು. ಕಿಟಕಿ ಪಕ್ಕದ ಸೀಟು ಖಾಲಿ. "ಹುಬ್ಬಳ್ಳಿ, ಹುಬ್ಬಳ್ಳಿ, ಹುಬ್ಬಳ್ಳೀ!" ಅಂತ ಕಂಡಕ್ಟರ್ ಕೂಗುತ್ತಿದ್ದ. ಮನೆ ಇಲ್ಲ, ಟ್ರಂಕು ಹೋಗಿದೆ, ಬರ್ರಿ ಅಂದದ್ದೂ ತತ್ತಿಯ ಸಲುವಾಗಿ. ಸುಳ್ಳು ಯಾಕೆ ಹೇಳಲಿ? ಕಾಲು ತಾವೇ ನಡೆದವು. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟಿದ್ದೆ. ಹಾಟ್‌ಬಾಕ್ಸ್ ಬಗಲಲ್ಲಿತ್ತು. ಅದನ್ನು ಎಲ್ಲಿಡುವುದು ಅಂತ ಯೋಚಿಸುತ್ತ ನಿಂತೆ.

"ಹೊಂಟ! ಹೊಂಟ!" ಚಹಾದಂಗಡಿಯಿಂದ ದನಿ ಬಂತು. ಫೋನ್ ಹಚ್ಚಿಯಾಗಿತ್ತು, ಅದೂ ಸ್ಪೀಕರ್ ಮೇಲೆ. ಸ್ಟ್ಯಾಂಡಿಗೆ ಸ್ಟ್ಯಾಂಡೇ ಕಿವಿಯಾಯಿತು. "ತಂಗೀ, ನಿನ್ನ ಯಜಮಾನ ಹುಬ್ಬಳ್ಳಿ ಬಸ್ ಹತ್ತಾಕತ್ತಾನವಾ! ಒಂದ ಕಾಲ ಮ್ಯಾಲ ಐತಿ!"

ಆ ಕಡೆಯಿಂದ ಟೆಂಪೋದ ಸದ್ದು, ಹಕ್ಕಿಗಳ ಸದ್ದು. ಆಮೇಲೆ ಅವಳ ದನಿ, ಸಂತೆಯ ಮಾತಿನಷ್ಟೇ ಸಾದಾ:

"ಅವರು ಎಲ್ಲಿಗರೆ ಹೋಗ್ಲಿ ಬಿಡಣ್ಣಾ. ಹನ್ನೆರಡು ಹೊಡೀತು. ತತ್ತಿ ಹೊಳ್ಳಿ ಹಾಕ್ಯಾರೇನು ಕೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ಹುಬ್ಬಳ್ಳಿ ಬಸ್ಸಿನ ಕಿಟಕಿಗಳಿಂದಲೂ ತಲೆಗಳು ಹೊರಬಂದವು. "ಹಾಕೀಯೇನೋ?" ಚಹಾದಂಗಡಿಯವನು ಕೇಳಿದ. ಹಾಕಿರಲಿಲ್ಲ. ಕಾಲು ಇಳಿಸಿದೆ. ಅವನ ಬೆಂಚಿನ ಮೇಲೆ ಕೂತು, ಹಾಟ್‌ಬಾಕ್ಸ್ ತೊಡೆ ಮೇಲಿಟ್ಟು, ಅರಿವೆ ಸರಿಸಿ ಒಂದೊಂದೇ ಹೊರಳಿಸತೊಡಗಿದೆ. ಸುತ್ತ ಜನ ಕೂಡಿದರು. "ಆ ಮೂಲಿದು ಉಳೀತು ನೋಡ್ರಿ," ಅಂತ ಒಬ್ಬರು ತೋರಿಸಿಕೊಟ್ಟರು.

"ಹಾಕಾಕತ್ತಾನ ತಂಗೀ," ಚಹಾದಂಗಡಿಯವನು ಫೋನಿಗೆ ವರದಿ ಕೊಟ್ಟ. "ಹತ್ತು ಆದವು. ಇನ್ನ ಮೂವತ್ತ ಅದಾವ."

ಹುಬ್ಬಳ್ಳಿ ಬಸ್ಸು ಹಾರ್ನ್ ಹೊಡೆಯಿತು. ಕಂಡಕ್ಟರ್ ಮತ್ತೊಮ್ಮೆ ಕೂಗಿದ. ಅದು ಅವಳಿಗೂ ಫೋನಿನಲ್ಲಿ ಕೇಳಿಸಿರಬೇಕು.

"ಅಣ್ಣಾ," ಅಂದಳು, "ಹೆಂಗೂ ಕುಂತಾರಲ್ಲ, ಆ ಬಸ್ ಹೋಗೂ ತನಕ ಇನ್ನೊಮ್ಮೆ ಮೊದಲಿಂದ ಹಾಕಸು."